ಐದರಲ್ಲಿ ಮೂರು ಕೈ

ಜನವರಿ 9, 2025, ಗುರುವಾರ

ಲೊರೇನ್ ಬಂದಿದ್ದಳು. ಮತ್ತೆ ಗಾಜಿನ ತಟ್ಟೆ ತುಂಬ ಆಲೂಗಡ್ಡೆ ಮತ್ತು ಚೀಸು. ಅಮೆರಿಕದ ಈ ಚಿಕ್ಕ ಊರಲ್ಲಿ ಯಾರಾದರೂ ತೀರಿಹೋದರೆ ಮನೆಮನೆಯಿಂದ ಆಲೂಗಡ್ಡೆ ಬರುತ್ತೆ. ಫ್ರಿಜ್ಜಿನಲ್ಲಿ ಜಾಗ ಇಲ್ಲ. ಯಾವ ತಟ್ಟೆ ಯಾರದು ಅಂತ ಟೇಪ್ ಹಚ್ಚಿ ಹೆಸರು ಬರೆದಿಟ್ಟಿದ್ದೀನಿ. ಒಂದು ನೀಲಿ ತಟ್ಟೆ ಮಾತ್ರ ಯಾರದೋ ಗೊತ್ತಾಗುತ್ತಿಲ್ಲ. ಅವರು ಏನಂದುಕೊಂಡಾರು.

ಲೊರೇನ್ ಇಲ್ಲಿನ ಸ್ಕೂಲ್ ಬೋರ್ಡಿನ ಅಧ್ಯಕ್ಷೆ. ಹಸು ಸಾಕಿದ್ದಾಳೆ, ಕೈ ಗಂಡಸರ ಕೈ ಇದ್ದಂಗೆ. ಬೋರ್ಡಿನಲ್ಲಿ ಐದು ಜನ, ಊರವರೇ ಓಟು ಹಾಕಿ ಆರಿಸಿದವರು. ನಮ್ಮ ಯಜಮಾನರು ಆರು ವರ್ಷ ಅದರಲ್ಲಿದ್ದರು. ಮೊಸರಿನ ಫ್ಯಾಕ್ಟರಿಯ ಲ್ಯಾಬಿನಿಂದ ಬಂದು, ಮುಖ ತೊಳೆದು, ಅದೇ ಕಂದು ಕೋಟು ಹಾಕಿಕೊಂಡು ಹೋಗುತ್ತಿದ್ದರು. ಇವರು ಹೋದಮೇಲೆ ಈಗ ನಾಲ್ಕೇ ಜನ. ಖಾಲಿಯಾದ ಕುರ್ಚಿಗೆ ಉಳಿದವರೇ ಒಬ್ಬರನ್ನು ಕೂರಿಸಬಹುದಂತೆ, ಮೇ ತಿಂಗಳ ಎಲೆಕ್ಷನ್ ತನಕ.

"ಶೈಲಾ, ಶಿವ್ ಕುರ್ಚಿಯಲ್ಲಿ ನೀನು ಕೂತರೆ ಎಲ್ಲರಿಗೂ ಸಮಾಧಾನ. ಸಂಬಳ ಇಲ್ಲ. ಬೈಗುಳ ಬೇಕಾದಷ್ಟು ಇದೆ," ಅಂದಳು.

"ನೋಡೋಣ" ಅಂದೆ. ಲೊರೇನ್ ಎದ್ದು ಬಂದು ತಬ್ಬಿಕೊಂಡು, ಮಂಗಳವಾರ ಆರೂವರೆಗೆ ಬಾ ಅಂದು ಹೋದಳು. ನಮ್ಮ ಕಡೆ 'ನೋಡೋಣ' ಅಂದರೆ ಬೇಡ ಅಂತ ಯಾರಿಗಾದರೂ ತಿಳಿಯುತ್ತೆ. ಫೋನ್ ಮಾಡಿ ಇಲ್ಲ ಅನ್ನಬೇಕು. ಮೂರು ಸಲ ಫೋನ್ ತೊಗೊಂಡೆ, ಮೂರು ಸಲ ಇಟ್ಟೆ.

ಜನವರಿ 14, ಮಂಗಳವಾರ

ಹೋಗಿ ಬಂದೆ. ಲೊರೇನ್ ಕರಕೊಂಡು ಹೋದಳು, ಅವಳೇ ಬಿಟ್ಟುಹೋದಳು. ಹಿಮದಲ್ಲಿ ನಾನು ಕಾರು ತೆಗೆಯೋದಿಲ್ಲ.

ದೊಡ್ಡ ಶಾಲೆಯ ಲೈಬ್ರರಿಯಲ್ಲಿ ಮೀಟಿಂಗು. ಬಲಗೈ ಎತ್ತಿ ಪ್ರಮಾಣ ಮಾಡಿಸಿದರು. ಕೊಟ್ಟ ಕಾಗದದಲ್ಲಿ, ಬೋರ್ಡಿನವರಿಗೆ ಓದಲು ಬರೆಯಲು ಬರಬೇಕು ಅಂತ ಕಾನೂನಿದೆ ಅಂತಿತ್ತು. ಎಷ್ಟು ಓದಲು, ಏನು ಬರೆಯಲು ಅಂತ ಇರಲಿಲ್ಲ. ನನ್ನದು ಒಂಬತ್ತನೇ ಇಯತ್ತೆಗೆ ನಿಂತದ್ದು. ಅವ್ವ ಹಾಸಿಗೆ ಹಿಡಿದ ವರ್ಷ ಎರಡನೇ ಪರೀಕ್ಷೆಗೆ ಹೋಗಲಿಲ್ಲ, ಆಮೇಲೆ ಯಾರೂ ಹೋಗು ಅನ್ನಲಿಲ್ಲ. ಇಂಗ್ಲಿಷ್ ಮಗಳು ರಕ್ಷಾಳ ಸ್ಕೂಲ್ ಪುಸ್ತಕದಿಂದ ಕಲಿತದ್ದು. ಸಹಿ ಮಾಡುವಾಗ ಕೊನೆಯ ಅಕ್ಷರ ಗೆರೆಯಿಂದ ಕೆಳಗೆ ಇಳಿಯಿತು. ಯಾರೂ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದು ಪಾಪ ಅಂತಲೋ ಏನೋ.

ಜನವರಿ 19, ಭಾನುವಾರ

ಕೊಪ್ಪಳದಿಂದ ಅಕ್ಕನ ಫೋನು.

"ಏನವಾ, ಮೆಂಬರ್ ಆದಿಯಂತ? ಅಮೆರಿಕಾದಾಗೂ ಗಂಡನ ಸೀಟು ಹೆಂಡ್ತಿಗೇ ಏನು?"

"ಮೇ ತನಕ ಅಷ್ಟ ಅಕ್ಕಾ."

"ನಮ್ಮ ಓಣಿ ಗಂಗಮ್ಮ ಪಂಚಾಯ್ತಿ ಮೆಂಬರ್ ಆಗಿದ್ಲಲ್ಲ, ಐದು ವರ್ಷ ಗಂಡ ಮಾತಾಡಿದ, ಇಕಿ ಸಹಿ ಹಾಕಿದ್ಲು. ಆಕಿಗೆ ಗಂಡರ ಇದ್ದ. ನಿನಗ ಹೇಳಿಕೊಡಾಕ ಯಾರದಾರ?"

ಆಮೇಲೆ ಮಣ್ಣು ಮಾಡೋದು ಯಾವಾಗ ಅಂತ ಕೇಳಿದಳು. ಏಪ್ರಿಲ್ ಅಂದೆ. ಚಳಿಗೆ ನೆಲ ಮೂರು ಅಡಿ ಕಲ್ಲಾಗಿದೆ, ಅದು ಕರಗೋ ತನಕ ಇಲ್ಲಿ ಅಗೆಯೋದಿಲ್ಲ. ಸ್ಮಶಾನದ ಕಲ್ಲಿನ ಕೋಣೆಯಲ್ಲಿ ಇಟ್ಟಿದ್ದಾರೆ. ಇವರೊಬ್ಬರೇ ಅಲ್ಲ, ಈ ಚಳಿಗಾಲದಲ್ಲಿ ಹೋದವರು ಇನ್ನೂ ನಾಲ್ಕು ಜನ ಇದ್ದಾರಂತೆ. ಇದನ್ನು ಅಕ್ಕನಿಗೆ ಎರಡನೇ ಸಲ ಹೇಳಿದ್ದು. ಆಕೆ ಎರಡನೇ ಸಲವೂ "ಶಿವಶಿವಾ" ಅಂದಳು.

ಫೆಬ್ರವರಿ 2, ಭಾನುವಾರ

ನನಗೆ ತಿಳಿಯೋ ಹಾಗೆ ಬರೆದಿಟ್ಟುಕೊಳ್ಳುತ್ತೇನೆ, ಇಲ್ಲದಿದ್ದರೆ ತಲೆಯಲ್ಲಿ ತಿರುಗುತ್ತೆ.

ನಮ್ಮ ಸ್ಕೂಲ್ ಡಿಸ್ಟ್ರಿಕ್ಟಿನಲ್ಲಿ, ಅಂದರೆ ಬೋರ್ಡಿನ ಕೈಕೆಳಗೆ, ಎರಡು ಶಾಲೆ. ಕೆಳಗೆ ರಸ್ತೆ ಮೇಲೆ ದೊಡ್ಡ ಶಾಲೆ. ಮೇಲೆ ಗುಡ್ಡದಲ್ಲಿ ಚಿಕ್ಕದು, ಮೂರನೇ ಗ್ರೇಡ್ ತನಕ, ಮೂವತ್ತೆಂಟು ಮಕ್ಕಳು. ರಕ್ಷಾ ಓದಿದ್ದೂ ಅಲ್ಲೇ. ಹಣ ಎರಡು ಕಡೆಯಿಂದ. ಮನೆ, ಜಮೀನು ಇದ್ದವರ ತೆರಿಗೆ ಒಂದು, ಸ್ಟೇಟಿನಿಂದ ಬರೋದು ಒಂದು. ಊರು ಬಡವಾದಷ್ಟೂ ಸ್ಟೇಟು ಹೆಚ್ಚು ಕೊಡಬೇಕು. ಆದರೆ ಅದು ನೋಡೋದು ಮಕ್ಕಳ ಬೂಟನ್ನಲ್ಲ, ಮನೆಗಳ ಬೆಲೆಯನ್ನ. ಸಿಟಿಯವರು ಕೆರೆ ಸುತ್ತ ವಾರಾಂತ್ಯದ ಮನೆ ಕೊಂಡು ಕೊಂಡು ಬೆಲೆ ಏರಿದೆ. ಕಾಗದದ ಮೇಲೆ ನಾವು ಶ್ರೀಮಂತರಾದೆವು, ಬರೋದು ಇಳಿಯಿತು.

ತೆರಿಗೆ ಏರಿಸೋಣ ಅಂದರೆ ಅದಕ್ಕೂ ಒಂದು ಗೆರೆ ಇದೆ. ಗೆರೆಯ ಒಳಗೆ ಏರಿಸಿದರೆ ಮೇ ತಿಂಗಳ ಓಟಿನಲ್ಲಿ ಓಟು ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೂಂ ಅಂದರೆ ಸಾಕು. ಗೆರೆ ದಾಟಿದರೆ ನೂರಕ್ಕೆ ಅರವತ್ತು ಜನ ಅನ್ನಬೇಕು. ಎರಡು ಸಲ ಇಲ್ಲ ಅಂದರೆ ಒಂದು ಪೈಸೆಯೂ ಏರಿಸುವ ಹಾಗಿಲ್ಲ.

ಇವರು ಇದನ್ನೆಲ್ಲ ಊಟಕ್ಕೆ ಕೂತಾಗ ಹೇಳುತ್ತಿದ್ದರು. ನಾನು ರೊಟ್ಟಿ ನೋಡುತ್ತಿದ್ದೆ, ಸೀದೀತು ಅಂತ.

ಸಂಜೆ ನೀಲಿ ತಟ್ಟೆ ಮತ್ತೆ ತೊಳೆದೆ.

ಫೆಬ್ರವರಿ 11, ಮಂಗಳವಾರ

ಏನಾಯಿತೋ ತಿಳಿಯಲಿಲ್ಲ.

ಜನ ತುಂಬಿದ್ದರು. ಗುಡ್ಡದ ಶಾಲೆಯ ತಾಯಂದಿರೆಲ್ಲ ಬಂದಿದ್ದರು. ಅಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿ ರಿಟೈರಾದ ಮಿಸೆಸ್ ಕೊವಾಲ್ಸ್ಕಿ ನಮ್ಮ ಬೋರ್ಡಿನಲ್ಲಿದ್ದಾರೆ. ಮುಂದಿನ ವರ್ಷವೂ ಗುಡ್ಡದ ಶಾಲೆ ನಡೆಯಬೇಕು, ಬಜೆಟ್ ಹಾಗೆ ಬರೆಯಬೇಕು ಅಂತ ಅವರು ಮಂಡಿಸಿದರು. ಡೇಲ್ ಇಲ್ಲ ಅಂದ. ಅವನೂ ಬೋರ್ಡಿನವನೇ, ಜಲ್ಲಿ ಲಾರಿ ಓಡಿಸುತ್ತಾನೆ. "ಆ ಶಾಲೆ ಛಾವಣಿಗೆ ದುಡ್ಡು ಹಾಕಿ ಹಾಕಿ ನಮ್ಮ ಛಾವಣಿ ಹೋಯಿತು" ಅಂದ. ಲೊರೇನ್ ಹೂಂ, ಕೊವಾಲ್ಸ್ಕಿ ಹೂಂ. ಬೋರ್ಡಿನ ಇನ್ನೊಬ್ಬ, ವಿಮೆ ಏಜೆಂಟ್ ಗ್ಯಾರಿ, ಜ್ವರ ಬಂದು ಬಂದಿರಲಿಲ್ಲ.

ಆಮೇಲೆ ನನ್ನ ಹೆಸರು ಕೂಗಿದರು. ಅಬ್‌ಸ್ಟೇನ್ ಅಂದೆ. ಹೋದ ತಿಂಗಳು ಗ್ಯಾರಿ ಯಾವುದಕ್ಕೋ ಹಾಗಂದದ್ದು ಕೇಳಿದ್ದೆ, ಯಾರಿಗೂ ಅವನ ಮೇಲೆ ಬೇಜಾರಾಗಿರಲಿಲ್ಲ. ಹಾಗಂದರೆ ಯಾವ ಕಡೆಗೂ ಓಟಿಲ್ಲ, ಯಾರಿಗೂ ಕೆಟ್ಟವಳಾಗೋದಿಲ್ಲ. ಹೇಗೂ ಎರಡಕ್ಕೆ ಒಂದು, ಶಾಲೆ ಉಳಿಯಿತಲ್ಲ ಅಂದುಕೊಂಡೆ. ನಗುಮುಖ ಮಾಡಿದ್ದೆನೋ ಏನೋ.

"ಠರಾವು ಬಿದ್ದುಹೋಯಿತು" ಅಂತ ಲೊರೇನ್ ಹೇಳಿದಳು. ನನ್ನ ಕಡೆ ನೋಡದೆ ಹೇಳಿದಳು.

ಕಾರಿನಲ್ಲಿ ವಿವರಿಸಿದಳು. ಬಂದಿರೋದು ಎಷ್ಟೇ ಜನ ಇರಲಿ, ಐದು ಜನರ ಬೋರ್ಡು ಅಂದಮೇಲೆ ಮೂರು ಹೂಂ ಬೇಕೇ ಬೇಕು. ಎರಡಕ್ಕೆ ಸೊನ್ನೆಯಾದರೂ ಬೀಳುತ್ತೆ. ಸುಮ್ಮನಿದ್ದರೆ ಅದು ಇಲ್ಲ ಅಂದಂತೆಯೇ.

"ನಿನಗೆ ಗೊತ್ತಿದೆ ಅಂದುಕೊಂಡಿದ್ದೆ. ಶಿವ್ ಹೇಳಿರಬೇಕು ಅಂತ," ಅಂದಳು.

ಹೇಳಿರಬಹುದು.

ಫೆಬ್ರವರಿ 12

ಏನೂ ಮಾಡಲಿಲ್ಲ. ಬೇಳೆ ಇತ್ತು.

ಫೆಬ್ರವರಿ 15, ಶನಿವಾರ

ಅಂಗಡಿಯಲ್ಲಿ, ಹಾಲಿನ ಕಪಾಟಿನ ಮುಂದೆ, ಒಬ್ಬ ಹುಡುಗಿ ಎದುರು ಬಂದು ನಿಂತಳು. ಹುಡುಗಿ ಅಂದರೆ ಮೂವತ್ತು ಇರಬಹುದು, ಗಾಡಿಯಲ್ಲಿ ಮಗು ಕೂತಿತ್ತು. ಮೀಟಿಂಗಿನಲ್ಲಿ ಮುಂದಿನ ಸಾಲಿನಲ್ಲಿದ್ದವಳು. ಕೆಲ್ಸಿ ಅಂತ.

"ನೀವು ಇಲ್ಲ ಅಂದಿದ್ರೆ ನನಗೆ ಇಷ್ಟು ಸಿಟ್ಟು ಬರ್ತಿರಲಿಲ್ಲ. ಡೇಲ್ ಇಲ್ಲ ಅಂದ, ಅವನ ಜೊತೆ ಜಗಳ ಆಡಬಹುದು. ನಿಮ್ಮ ಜೊತೆ ಏನು ಆಡೋದು? ನೀವು ಅಲ್ಲಿ ಇರಲೇ ಇಲ್ಲ," ಅಂದಳು.

ಸಾರಿ ಅಂದೆ.

"ಇವಳು ಸೆಪ್ಟೆಂಬರ್‌ಗೆ ಕಿಂಡರ್‌ಗಾರ್ಟನ್. ಐದು ವರ್ಷ. ಶಾಲೆ ಮುಚ್ಚಿದ್ರೆ ಆ ಇಳಿಜಾರಿನಲ್ಲಿ ಬಸ್ಸು. ನೀವೇ ಯೋಚನೆ ಮಾಡಿ."

ಮಗು ನನ್ನನ್ನೇ ನೋಡುತ್ತಿತ್ತು, ಬಾಯಿ ತುಂಬ ಬಿಸ್ಕತ್ತು. ಕೆಲ್ಸಿ ಹೋದಮೇಲೆ ಹಾಲು ತೊಗೊಳ್ಳೋದನ್ನೇ ಮರೆತು ಬಂದೆ. ಚಹಾ ಇಲ್ಲ ಇವತ್ತು.

ಫೆಬ್ರವರಿ 26, ಶಿವರಾತ್ರಿ

ಲಿಂಗಪೂಜೆ ಆಯಿತು. ವಿಭೂತಿ ಮುಗಿಯುತ್ತಾ ಬಂದಿದೆ.

ಮಾರ್ಚ್ 8, ಶನಿವಾರ

ಎರಡೂ ಶಾಲೆ ನೋಡಿಕೊಳ್ಳುವ ಸೂಪರಿಂಟೆಂಡೆಂಟರು ಒಂದು ಕಾಗದ ಕಳಿಸಿದ್ದಾರೆ. ಗುಡ್ಡದ ಶಾಲೆ ಮುಚ್ಚಿದರೆ ಮಕ್ಕಳೆಲ್ಲ ಒಂದೇ ಬಸ್ಸಿನಲ್ಲಿ ದೊಡ್ಡ ಶಾಲೆಗೆ, ಮೂವತ್ತೆಂಟು ನಿಮಿಷ ಅಂತ. ಮೂವತ್ತೆಂಟು ಮಕ್ಕಳಿಗೆ ಮೂವತ್ತೆಂಟು ನಿಮಿಷ. ಮಗುವಿಗೊಂದರಂತೆ ಹಂಚಿದರೋ ಏನೋ. ಅದು ಮೂರು ದಿನ ತಲೆ ಕೊರೆಯಿತು. ಬಸ್ಸು ನಿಲ್ಲಬೇಕು, ಬಾಗಿಲು ತೆಗೆಯಬೇಕು, ಮಗು ಹತ್ತಬೇಕು, ಕೂರಬೇಕು, ಯಾವುದೋ ಮಗುವಿನ ಒಂದು ಗ್ಲೌಸು ಕೆಳಗೆ ಬೀಳುತ್ತೆ. ಅದನ್ನೆಲ್ಲ ಎಣಿಸಿದ್ದಾರೋ ಇಲ್ಲವೋ.

ಬೆಳಿಗ್ಗೆ ಅಡುಗೆಮನೆಯ ಟೈಮರ್ ತೊಗೊಂಡು ಹೋಗಿ ಬಂದೆ. ಗುಡ್ಡದ ತುದಿಯಿಂದ ಶುರು. ಪ್ರತಿ ಅಂಚೆಡಬ್ಬಿಯ ಮುಂದೆ ನಿಲ್ಲಿಸಿ ನಲವತ್ತು ಎಣಿಸಿ ಮುಂದಕ್ಕೆ. ಒಂದು ಮನೆಯವನು ಹೊರಗೆ ಬಂದು ಏನು ಬೇಕು ಅಂದ. ಬಸ್ಸು ಅಂದೆ. ಬಾಗಿಲು ಹಾಕಿಕೊಂಡ. ಸೇತುವೆ ಹತ್ತಿರ ಇನ್ನೂ ಮಂಜುಗಡ್ಡೆ, ಅಲ್ಲಿ ಬಾಳ ನಿಧಾನ ಹೋದೆ.

ಐವತ್ತನಾಲ್ಕು ನಿಮಿಷ.

ತಪ್ಪಿರಬೇಕು ಅಂತ ಮಧ್ಯಾಹ್ನ ಇನ್ನೊಮ್ಮೆ ಹೋದೆ. ಐವತ್ತಾರು. ಇನ್ನು ಕಾರಿಗೆ ಪೆಟ್ರೋಲು ಹಾಕಿಸಬೇಕು.

ಮಾರ್ಚ್ 25, ಮಂಗಳವಾರ

ಹೇಳಿದೆ. ಐವತ್ತನಾಲ್ಕು ಅಂತ. ಎದ್ದು ನಿಲ್ಲಬೇಕೋ ಬೇಡವೋ ಗೊತ್ತಾಗದೆ ಅರ್ಧ ಎದ್ದಿದ್ದೆ.

ಸೂಪರಿಂಟೆಂಡೆಂಟರು ಕಂಪ್ಯೂಟರ್ ಮೂವತ್ತೆಂಟು ಹೇಳಿದೆ ಅಂದರು. ಡೇಲ್ ನಕ್ಕ. "ಕಂಪ್ಯೂಟರ್‌ಗೆ ಮಕ್ಕಳಿಲ್ಲ. ಆ ರಸ್ತೆ ನನಗೆ ಗೊತ್ತು, ಈಯಮ್ಮ ಹೇಳೋದು ಸರಿ," ಅಂದ. ಡೇಲ್ ನನ್ನ ಕಡೆ ಮಾತಾಡಿದ್ದು ಯಾಕೆ ಅಂತ ಮನೆಗೆ ಬರುವ ತನಕ ಯೋಚನೆ.

ಮಾರ್ಚ್ 30, ಯುಗಾದಿ

ನಮ್ಮ ಸ್ನೇಹಿತರು ಮುಕುಂದ್ ಅವರೂ ಅವರ ಹೆಂಡತಿ ರಾಜಿಯೂ ಸಿಟಿ ಹತ್ತಿರದ ಜೆರಿಕೋದಿಂದ ಬಂದಿದ್ದರು. ಕೆರೆಯ ಹತ್ತಿರ ಅವರದೊಂದು ವಾರಾಂತ್ಯದ ಮನೆ ಇದೆ. ಒಬ್ಬಳೇ ಇರಬೇಡಿ ಅಂತ ಕರಕೊಂಡು ಹೋದರು. ರಕ್ಷಾ ಮ್ಯಾನ್‌ಹಟನ್ನಿನಿಂದ ಬರಲಿಲ್ಲ, ಆಸ್ಪತ್ರೆಯಲ್ಲಿ ಡ್ಯೂಟಿ. ರಾಜಿ ಹಿಕ್ಸ್‌ವಿಲ್‌ನ ಇಂಡಿಯನ್ ಅಂಗಡಿಯಿಂದ ಬೇವಿನ ಹೂ, ಕರಿಬೇವು, ಒಂದು ಡಬ್ಬಿ ವಿಭೂತಿ ತಂದಿದ್ದಳು. ಕೇಳಿರಲಿಲ್ಲ, ತಾನಾಗಿ ತಂದಳು.

ಊಟ ಆದಮೇಲೆ ಮುಕುಂದ್ ಶುರು ಮಾಡಿದರು.

"ಶೈಲಮ್ಮ, ಬೋರ್ಡಿನಲ್ಲಿದ್ದೀರಂತೆ. ಸ್ವಲ್ಪ ನಮ್ಮಂಥವರನ್ನೂ ನೋಡಿಕೊಳ್ಳಿ! ವರ್ಷಕ್ಕೆ ಹದಿನೆಂಟು ದಿನ ಇಲ್ಲಿರ್ತೀವಿ. ಸ್ಕೂಲ್ ಟ್ಯಾಕ್ಸ್ ಮಾತ್ರ ಮುನ್ನೂರ ಅರವತ್ತೈದು ದಿನದ್ದು. ಓಟೂ ಇಲ್ಲ ನಮಗೆ."

"ಓಟು ಬೇಕಿದ್ರೆ ಇಲ್ಲೇ ಇರಿ, ಹಿಮ ತಳ್ಳಿ. ನಾನು ಜೆರಿಕೋದಲ್ಲಿ ಆರಾಮಾಗಿರ್ತೀನಿ," ಅಂದಳು ರಾಜಿ.

"ನಿಮ್ಮ ಮನೆ ಬೆಲೆ ಏರಿದ್ದಕ್ಕೇ ನಮಗೆ ಸ್ಟೇಟ್ ಏಯ್ಡ್ ಇಳೀತು," ಅಂದುಬಿಟ್ಟೆ.

ಮುಕುಂದ್ ಹೋಳಿಗೆ ಕೈಯಲ್ಲಿ ಹಿಡಿದುಕೊಂಡೇ ನೋಡಿದರು. "ಅದು ಹೇಗೆ?"

ಹೇಳಿದೆ. ಅರ್ಧ ಗಂಟೆ ಹೇಳಿರಬೇಕು. ಕೊನೆಗೆ ಅವರು, "ಅಲ್ಲಾ, ಇಷ್ಟು ವರ್ಷ ನಾನು ಟ್ಯಾಕ್ಸ್ ಕಟ್ಟಿ ಉಪಕಾರ ಮಾಡ್ತಿದ್ದೀನಿ ಅಂದುಕೊಂಡಿದ್ನಲ್ಲ," ಅಂದರು. ರಾಜಿಗೆ ನಕ್ಕು ನಕ್ಕು ಕೆಮ್ಮು ಬಂತು.

ಅತಿಯಾಗಿ ಮಾತಾಡಿದೆ. ಉಂಡ ಮನೆಯಲ್ಲಿ ಹಾಗೆ ಅನ್ನಬಾರದಿತ್ತು. ಅವರಿಗೆ ಬೇಜಾರಾಗಿದ್ದರೆ?

ಏಪ್ರಿಲ್ 8, ಮಂಗಳವಾರ

ಎರಡು ಬಜೆಟ್ ಮುಂದಿಟ್ಟರು. ಒಂದರಲ್ಲಿ ಗುಡ್ಡದ ಶಾಲೆ ಇದೆ, ತೆರಿಗೆ ಗೆರೆ ದಾಟುತ್ತೆ. ಇನ್ನೊಂದರಲ್ಲಿ ಶಾಲೆ ಇಲ್ಲ, ಗೆರೆಯ ಒಳಗಿದೆ. ಇಪ್ಪತ್ತೆರಡನೇ ತಾರೀಖು ಒಂದನ್ನು ಆರಿಸಬೇಕು. ಲೊರೇನ್, ಕೊವಾಲ್ಸ್ಕಿ ಒಂದು ಕಡೆ. ಡೇಲ್, ಗ್ಯಾರಿ ಇನ್ನೊಂದು ಕಡೆ. ಎಲ್ಲರೂ ನನ್ನ ಚಹಾ ಲೋಟ ನೋಡುತ್ತಿದ್ದರು.

ಹೊರಗೆ ಬರುವಾಗ ಲೊರೇನ್ ಕೈ ಹಿಡಿದಳು. "ಶಿವ್ ಇದ್ದಿದ್ದರೆ ಶಾಲೆ ಉಳಿಸುತ್ತಿದ್ದ. ನಿನಗೇ ಗೊತ್ತು."

ಪಾರ್ಕಿಂಗಿನಲ್ಲಿ ಡೇಲ್ ಲಾರಿ ಕಿಟಕಿ ಇಳಿಸಿದ. "ಮೇಡಂ, ನಿಮ್ಮ ಯಜಮಾನರು ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚೆ ನನ್ನ ಹತ್ತಿರ ಹೇಳಿದ್ದರು, ಆ ಶಾಲೆ ನಡೆಸೋಕಾಗಲ್ಲ ಡೇಲ್ ಅಂತ. ಆಣೆಗೂ."

ಇಬ್ಬರೂ ಸುಳ್ಳು ಹೇಳೋ ಜನ ಅಲ್ಲ. ಇವರು ಇಬ್ಬರಿಗೂ ಅವರವರಿಗೆ ಬೇಕಾದ್ದು ಹೇಳಿರಬೇಕು. ಮನೆಗೆ ಬಂದು ಇವರ ಬೋರ್ಡಿನ ಫೈಲು ಮೊದಲಿಂದ ಕೊನೆ ತನಕ ನೋಡಿದೆ. ಅಂಚಿನಲ್ಲಿ ಎಲ್ಲ ಕಡೆ ಪೆನ್ಸಿಲಿನಲ್ಲಿ ಹಸುವಿನ ಚಿತ್ರ. ಒಂದಕ್ಕೆ ಕನ್ನಡಕ ಹಾಕಿದ್ದರು. ಅದು ಲೊರೇನ್ ಇರಬೇಕು. ಅಭಿಪ್ರಾಯ ಅಂತ ಎಲ್ಲೂ ಬರೆದಿಲ್ಲ.

ಏಪ್ರಿಲ್ 13, ಭಾನುವಾರ

ರಕ್ಷಾಗೆ ಫೋನು. ಅವಳು ಕನ್ನಡ ತಿಳಿದರೂ ಇಂಗ್ಲಿಷಿನಲ್ಲೇ ಹೇಳೋದು.

"ಅಮ್ಮಾ, ಯು ಡೋಂಟ್ ಹ್ಯಾವ್ ಟು ಡು ದಿಸ್. ಜಸ್ಟ್ ರಿಸೈನ್."

"ಬಿಟ್ಟರೆ ನಾಲ್ಕು ಜನ ಆಗ್ತಾರೆ ಪುಟ್ಟಾ. ಎರಡಕ್ಕೆ ಎರಡು. ಯಾವುದಕ್ಕೂ ಮೂರು ಆಗಲ್ಲ."

"ಸೋ? ನಾಟ್ ಯುವರ್ ಪ್ರಾಬ್ಲಮ್."

ನನ್ನದಲ್ಲ ಅಂತ ನನಗೆ ಅನ್ನಿಸಲಿಲ್ಲ.

ಮಧ್ಯಾಹ್ನ ಚಿಂತೆ ಮಾಡಿದ್ದನ್ನೆಲ್ಲ ಸಾಲಾಗಿ ಬರೆದೆ. ಹೋದ ವರ್ಷ ಗೆರೆಯ ಒಳಗಿನ ಬಜೆಟ್ಟಿಗೇ ನೂರಕ್ಕೆ ಐವತ್ತಮೂರು ಬಂದದ್ದು. ಅರವತ್ತು ಎಲ್ಲಿಂದ ಬರುತ್ತೆ? ಬರಲಿಲ್ಲ ಅಂದರೆ ಜೂನ್‌ನಲ್ಲಿ ಇನ್ನೊಮ್ಮೆ. ಆಗಲೂ ಬರಲಿಲ್ಲ ಅಂದರೆ ಒಂದು ಪೈಸೆ ಏರಿಕೆ ಇಲ್ಲ. ಆಗ ಗುಡ್ಡದ ಶಾಲೆಯೂ ಹೋಗುತ್ತೆ, ಜೊತೆಗೆ ಇಬ್ಬರು ಟೀಚರು, ಬ್ಯಾಂಡು, ಕಿಂಡರ್‌ಗಾರ್ಟನ್ ಅರ್ಧ ದಿನಕ್ಕೆ ಇಳಿಯುತ್ತೆ. ಕಿಂಡರ್‌ಗಾರ್ಟನ್ ಇಡಲೇಬೇಕು ಅಂತ ಕಾನೂನಿಲ್ಲವಂತೆ. ಅದಕ್ಕೇ ಮೊದಲು ಕೈ ಹಾಕುತ್ತಾರೆ.

ಲೊರೇನ್‌ಗೆ ಅರವತ್ತು ಬರುತ್ತೆ ಅನ್ನೋ ನಂಬಿಕೆ. ಆಕೆ ಒಳ್ಳೆಯವಳು, ಎಲ್ಲರೂ ತನ್ನ ಹಾಗೆ ಅಂದುಕೊಂಡಿದ್ದಾಳೆ. ನನಗೆ ಯಾವತ್ತೂ ಒಳ್ಳೆಯದಾಗುತ್ತೆ ಅಂತ ಅನ್ನಿಸಿದ್ದೇ ಇಲ್ಲ.

ಬಜೆಟ್ ಪುಸ್ತಕ ಮೂರನೇ ಸಲ ಓದಿದೆ. ನಲವತ್ತೊಂದನೇ ಪುಟದಲ್ಲಿ ದೊಡ್ಡ ಶಾಲೆಯ ಗೇಟಿಗೆ ಮಿನುಗುವ ಬೋರ್ಡು ಅಂತ ಇದೆ. ಲೈಟು ಓಡುತ್ತೆ, ಅಕ್ಷರ ಬದಲಾಗುತ್ತೆ. ಬೆಲೆ ನೋಡಿದೆ. ಇನ್ನೊಮ್ಮೆ ನೋಡಿದೆ.

ಏಪ್ರಿಲ್ 19, ಶನಿವಾರ

ಇವತ್ತು ಇವರ ಮಣ್ಣಾಯಿತು. ನೆಲ ಮೆತ್ತಗಾಗಿತ್ತು. ರಕ್ಷಾ, ಮುಕುಂದ್, ರಾಜಿ, ಫ್ಯಾಕ್ಟರಿಯವರು ಆರು ಜನ, ಲೊರೇನ್, ಡೇಲ್. ಜಂಗಮರು ಸಿಗಲಿಲ್ಲ, ಊರಿಂದ ಸ್ವಾಮಿಗಳು ಫೋನಿನಲ್ಲೇ ಮಂತ್ರ ಹೇಳಿದರು, ಗಾಳಿಗೆ ಅರ್ಧ ಕೇಳಿಸಲಿಲ್ಲ. ಬಿಲ್ವಪತ್ರೆ ಸಿಗಲಿಲ್ಲ. ಎಲ್ಲರೂ ಹಿಡಿ ಮಣ್ಣು ಹಾಕಿದರು.

ನನ್ನ ಬೂಟಿಗೆ ಕೆಸರು ಹತ್ತಿತ್ತು. ಬಂದು ತೊಳೆದಿಟ್ಟೆ.

ಏಪ್ರಿಲ್ 22, ಮಂಗಳವಾರ

ಆದದ್ದು ಆದ ಹಾಗೆ ಬರೀತೀನಿ.

ಲೈಬ್ರರಿಯಲ್ಲಿ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಕೆಲ್ಸಿ ಮೊದಲ ಸಾಲಿನಲ್ಲಿ, ಮಗು ತೊಡೆ ಮೇಲೆ. ಶಾಲೆ ಮುಚ್ಚುವ ಬಜೆಟ್ಟನ್ನು ಗ್ಯಾರಿ ಮಂಡಿಸಿದ. ಡೇಲ್ ಅನುಮೋದಿಸಿದ. ಚರ್ಚೆ ಇದೆಯಾ ಅಂತ ಲೊರೇನ್ ಕೇಳಿದಳು.

ಕೈ ಎತ್ತಿದೆ. ಬರೆದುಕೊಂಡು ಹೋಗಿದ್ದೆ, ಚೀಟಿಯನ್ನು ಟೇಬಲ್ ಮೇಲೆ ಒತ್ತಿ ಹಿಡಿದು ಓದಿದೆ. ಒಂದು ಬಸ್ಸಲ್ಲ, ಎರಡು ಬಸ್ಸು. ಒಂದು ಬಸ್ಸಾದರೆ ಐವತ್ತನಾಲ್ಕು ನಿಮಿಷ, ಎರಡಾದರೆ ಮೂವತ್ತೈದರ ಹತ್ತಿರ. ಪ್ರತಿ ಬಸ್ಸಿನಲ್ಲೂ ಡ್ರೈವರ್ ಅಲ್ಲದೆ ಇನ್ನೊಬ್ಬ ದೊಡ್ಡವರು. ಡ್ರೈವರ್ ರಸ್ತೆ ನೋಡಬೇಕೋ, ಅಳೋ ಮಗುವನ್ನ ನೋಡಬೇಕೋ. ಹಣಕ್ಕೆ ನಲವತ್ತೊಂದನೇ ಪುಟದ ಮಿನುಗುವ ಬೋರ್ಡು ತೆಗೆಯಿರಿ. ಶಾಲೆ ಎಲ್ಲಿದೆ ಅಂತ ಊರಿಗೆ ಗೊತ್ತಿದೆ.

ಹಿಂದೆ ಯಾರೋ ನಕ್ಕರು.

ಸೂಪರಿಂಟೆಂಡೆಂಟರು, ಮಿನುಗುವ ಬೋರ್ಡಿನ ಹಣದಿಂದ ಒಂದು ವರ್ಷಕ್ಕೆ ಆದೀತು, ಆಮೇಲೆ? ಅಂದರು.

"ಮುಂದಿನ ವರ್ಷ ಛಾವಣಿ ಖರ್ಚು ಇರೋದಿಲ್ಲ," ಅಂದೆ.

ಡೇಲ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಮೇಡಂ, ಎರಡೆರಡು ಬಸ್ಸು, ಇಬ್ಬಿಬ್ಬರು ಜನ ಅಂದರೆ ಮುಚ್ಚಿ ಏನು ಉಳಿಸಿದ ಹಾಗಾಯ್ತು? ಇದು ಬೇಡ."

"ಹಾಗಾದರೆ ಬಜೆಟ್ಟಿಗೆ ನಾನು ಅಬ್‌ಸ್ಟೇನ್," ಅಂದೆ.

ಗ್ಯಾರಿ ಟೇಬಲ್ ಕೆಳಗೆ ಬೆರಳು ಮಡಿಚಿ ಎಣಿಸಿದ್ದು ನನಗೆ ಕಾಣಿಸಿತು. ಎರಡು.

"ಶಿವ್ ಇಷ್ಟು ಕಾಡುತ್ತಿರಲಿಲ್ಲ," ಅಂದ ಡೇಲ್.

"ಅವರು ಮನೇಲೂ ಕಾಡುತ್ತಿರಲಿಲ್ಲ," ಅಂದೆ.

ಎರಡು ಬಸ್ಸಿಗೆ ಐದೂ ಜನ ಹೂಂ ಅಂದರು. ಆಮೇಲೆ ಬಜೆಟ್ಟು. ಡೇಲ್ ಹೂಂ. ಗ್ಯಾರಿ ಹೂಂ. ಕೊವಾಲ್ಸ್ಕಿ ಇಲ್ಲ ಅನ್ನುವಾಗ ಅವರ ದನಿ ಒಡೆಯಿತು. ಲೊರೇನ್ ಇಲ್ಲ. ಆಮೇಲೆ ನನ್ನ ಹೆಸರು.

ಯೆಸ್ ಅಂದೆ. ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಅಂದಳು ಕ್ಲರ್ಕು. ಇನ್ನೊಮ್ಮೆ ಹೇಳಿದೆ.

ಲೊರೇನ್ ಜೊತೆ ಬಂದಿರಲಿಲ್ಲ, ನನ್ನ ಕಾರಿನಲ್ಲೇ ಹೋಗಿದ್ದೆ. ಒಳ್ಳೆಯದಾಯಿತು. ಬಾಗಿಲಲ್ಲಿ ಕೆಲ್ಸಿ ನಿಂತಿದ್ದಳು. "ಈ ಸಲ ಇದ್ದಿರಿ," ಅಂದಳು. ಅದು ಹೊಗಳಿಕೆಯಲ್ಲ.

ಏಪ್ರಿಲ್ 30

ಲೊರೇನ್ ಫೋನ್ ಎತ್ತುತ್ತಿಲ್ಲ. ಅವಳ ಮೂರು ತಟ್ಟೆ ಇಲ್ಲಿದ್ದವು. ಅವಳ ಬಾಗಿಲ ಮುಂದೆ ಇಟ್ಟು ಬಂದೆ, ಒಂದರಲ್ಲಿ ಚಕ್ಕುಲಿ ಹಾಕಿ.

ಮೇ 20, ಮಂಗಳವಾರ

ಊರಿನ ಓಟು ಆಯಿತು. ಜಿಮ್ಮಿನಲ್ಲಿ ಡಬ್ಬಿ ಇಟ್ಟಿದ್ದರು. ನಾನೂ ಹಾಕಿದೆ. ಹೂಂ ಇನ್ನೂರ ಹನ್ನೊಂದು, ಇಲ್ಲ ನೂರ ಅರವತ್ತೆಂಟು. ನೂರಕ್ಕೆ ಐವತ್ತಾರು. ಅರವತ್ತು ಬೇಕಿದ್ದರೆ ಬೀಳುತ್ತಿತ್ತು. ಇದನ್ನು ಯಾರಿಗೂ ಹೇಳಲಿಲ್ಲ, ಲೊರೇನ್‌ಗೆ ಅಂತೂ ಇಲ್ಲವೇ ಇಲ್ಲ.

ನನ್ನ ಕುರ್ಚಿಗೆ ಯಾರೂ ನಿಂತಿರಲಿಲ್ಲ. ನಾನೂ ಅರ್ಜಿ ಹಾಕಿರಲಿಲ್ಲ. ಹಾಗಾದಾಗ ಜನ ಚೀಟಿಯಲ್ಲಿ ತಾವೇ ಹೆಸರು ಬರೆಯಬಹುದು. ನಲವತ್ತು ಜನ ಕೆಲ್ಸಿ ಹೆಸರು ಬರೆದಿದ್ದಾರೆ. ಅವಳೇ ಈಗ ಮೆಂಬರು. ಒಂಬತ್ತು ಜನ ನನ್ನ ಹೆಸರು ಬರೆದಿದ್ದರಂತೆ, ಒಬ್ಬೊಬ್ಬರ ಸ್ಪೆಲಿಂಗು ಒಂದೊಂದು ತರ. ಯಾರಿರಬಹುದು ಆ ಒಂಬತ್ತು.

ಆಗಸ್ಟ್ 14, ಗುರುವಾರ

ಲೊರೇನ್ ಬಂದಿದ್ದಳು. ಏಪ್ರಿಲ್ ಆದಮೇಲೆ ಇದೇ ಮೊದಲು. ಜೋಳದ ತೆನೆ ತಂದಿದ್ದಳು. ಹಿತ್ತಿಲಲ್ಲಿ ಕೂತೆವು. ಶಾಲೆಯ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊರಡುವಾಗ ಮಾತ್ರ ಅಂದಳು:

"ನಿನ್ನ ಎರಡು ಬಸ್ಸಿಗೆ ಡ್ರೈವರ್ ಸಿಕ್ಕರು. ಮಕ್ಕಳ ಜೊತೆ ಕೂರೋದಕ್ಕೆ ಒಬ್ಬರೇ ಸಿಕ್ಕಿದ್ದು. ಜೂನ್‌ನಿಂದ ಜಾಹೀರಾತು ಹಾಕಿದ್ದೇವೆ. ದಿನಕ್ಕೆ ಬೆಳಿಗ್ಗೆ ಒಂದೂವರೆ ಗಂಟೆ, ಮಧ್ಯಾಹ್ನ ಒಂದೂವರೆ ಗಂಟೆ, ಯಾರು ಬರುತ್ತಾರೆ?"

ನಾನೇ ಹುಟ್ಟಿಸಿದ ಕೆಲಸ ನಾನೇ ಹಿಡಿದರೆ ಜನ ಏನನ್ನುತ್ತಾರೆ? ಅದನ್ನೇ ಅವಳಿಗೆ ಕೇಳಿದೆ.

"ಅನ್ನುತ್ತಾರೆ," ಅಂದಳು. "ಅನ್ನೋರಲ್ಲಿ ಒಬ್ಬರೂ ಅರ್ಜಿ ಹಾಕಿಲ್ಲ."

ಆಗಸ್ಟ್ 21, ಗುರುವಾರ

ಅರ್ಜಿ ಕೊಟ್ಟೆ. ಕೊನೆಯ ತರಗತಿ ಯಾವುದು ಅಂತ ಒಂದು ಖಾನೆ. 9 ಅಂತ ಬರೆದೆ.

ಕೆಲಸದ ಪರೀಕ್ಷೆಗೆ ಬಸ್ಸಿನ ಮೆಟ್ಟಿಲು ಮೂರು ಸಲ ಹತ್ತಿ ಮೂರು ಸಲ ಇಳೀಬೇಕು, ಅರ್ಧ ನಿಮಿಷದಲ್ಲಿ. ಮಾಡಿದೆ. ಸೊಂಟ ಹಿಡಿದಿದೆ. ರಾಜಿ ಫೋನಿನಲ್ಲಿ, ಬಿಸಿ ನೀರಿನ ಚೀಲ ಇಟ್ಟುಕೊಳ್ಳಿ, ಈ ವಯಸ್ಸಿಗೆ ಕಂಡಕ್ಟರ್ ಆದಿರಿ ಅಂತ ನಕ್ಕಳು. ನನಗೂ ನಗು ಬಂತು.

ಸೆಪ್ಟೆಂಬರ್ 4, ಗುರುವಾರ

ಮೊದಲ ದಿನ. ಬೆಳಿಗ್ಗೆ ಆರೂ ಮುಕ್ಕಾಲಿಗೆ ಬಸ್ಸಿನ ಹತ್ತಿರ ಹೋದೆ. ಡ್ರೈವರ್ ಹೆಸರು ಡಾನಾ, ಮಾತು ಕಮ್ಮಿ. ಹತ್ತೊಂಬತ್ತು ಮಕ್ಕಳು. ಹೆಸರಿನ ಪಟ್ಟಿ ಎರಡು ಕಾಪಿ ಮಾಡಿಕೊಂಡಿದ್ದೆ, ಒಂದು ಹಾರಿಹೋದರೆ ಇರಲಿ ಅಂತ. ಒಂದು ಮಗುವಿಗೆ ಕಡಲೆಕಾಯಿ ಆಗೋದಿಲ್ಲ, ಇನ್ನೊಂದಕ್ಕೆ ಮೂಗಿನಲ್ಲಿ ರಕ್ತ ಬರುತ್ತೆ. ಟಿಶ್ಯೂ ಡಬ್ಬಿ ಎಲ್ಲಿ ಅಂತ ಡಾನಾಗೆ ಎರಡು ಸಲ ಕೇಳಿದೆ.

ನಾಲ್ಕನೇ ಮನೆ ಕೆಲ್ಸಿಯದು. ಅವಳು ಮಗುವನ್ನು ಎತ್ತಿ ಮೆಟ್ಟಿಲ ಮೇಲೆ ನಿಲ್ಲಿಸಿದಳು. ಹಾರ್ಪರ್. ಚೀಲ ಅವಳಿಗಿಂತ ದೊಡ್ಡದು.

"ಇವಳಿಗೆ ಕಿಟಕಿ ಕಡೆ ಇಷ್ಟ," ಅಂದಳು ಕೆಲ್ಸಿ.

ಕಿಟಕಿ ಕಡೆ ಕೂರಿಸಿದೆ. ಪಕ್ಕದಲ್ಲಿ ನಾನು. ಬೆಲ್ಟು ಹಾಕಿದೆ, ಎಳೆದು ನೋಡಿದೆ.

ಸೇತುವೆ ದಾಟಿ ತಿರುವು ತಿರುಗಿದರೆ ಗುಡ್ಡದ ಶಾಲೆ. ಬಾಗಿಲಿಗೆ ಸರಪಳಿ. ಉಯ್ಯಾಲೆ ಬಿಚ್ಚಿ ತೊಗೊಂಡು ಹೋಗಿದ್ದಾರೆ, ಕಂಬ ಮಾತ್ರ ಇವೆ. ಹುಲ್ಲು ಕತ್ತರಿಸಿಲ್ಲ. ಹಾರ್ಪರ್ ಬೆಲ್ಟು ಬಿಚ್ಚಿ, ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ನಿಂತಳು. ಅವಳಣ್ಣ ಅಲ್ಲೇ ಓದಿದವನು, ಅವನನ್ನು ಬಿಡೋದಕ್ಕೆ ದಿನಾ ಇಲ್ಲಿಗೇ ಬರುತ್ತಿದ್ದಳು.

"ಇಳಿಯೋದು ಇಲ್ಲೇ. ಇದೇ ನನ್ನ ಸ್ಕೂಲ್," ಅಂದಳು.

"ಇಲ್ಲಮ್ಮ. ಕೂತ್ಕೋ."

"ಇದೇ!"

"ಇದಲ್ಲ. ಇದು ಮುಚ್ಚಿದೆ."

"ಯಾರು ಮುಚ್ಚಿದ್ದು?"

ಡಾನಾ ಬಸ್ಸು ನಿಲ್ಲಿಸಲಿಲ್ಲ, ನಿಧಾನ ಮಾಡಿದಳು ಅಷ್ಟೇ. ಮಗು ನನ್ನ ಮುಖ ನೋಡುತ್ತಾ ನಿಂತಿತ್ತು. 'ಎಲ್ಲರೂ' ಅಂತಲೋ 'ಹಾಗೇ ಆಯಿತು' ಅಂತಲೋ ಹೇಳಬಹುದಿತ್ತು.

"ನಾನು," ಅಂದೆ. "ಇನ್ನೂ ಕೆಲವರು. ನಾನೂ."

ಅವಳು ಒಂದು ಕ್ಷಣ ಯೋಚಿಸಿದಳು. ಆಮೇಲೆ ಕೂತಳು. ಬೆಲ್ಟು ಹಾಕಿಸಿಕೊಂಡಳು. ಶಾಲೆ ಹಿಂದೆ ಹೋಗುವ ತನಕ ಕಿಟಕಿಗೆ ಮೂಗು ಒತ್ತಿಕೊಂಡಿದ್ದಳು, ಆಮೇಲೆ ನನ್ನ ತೋಳಿಗೆ ಒರಗಿದಳು. ನಿದ್ದೆ ಬಂದಿರಬೇಕು.

ಇಳಿಜಾರಿನಲ್ಲಿ ಡಾನಾ ಒಂದು ಕೈ ಹಿಂದಕ್ಕೆ ಚಾಚಿ ಟಿಶ್ಯೂ ಡಬ್ಬಿ ಕೊಟ್ಟಳು. ತೊಗೊಂಡು ಮಗುವಿನ ಮೂಗು ನೋಡಿದೆ, ರಕ್ತ ಇರಲಿಲ್ಲ. ಹಿಂದಿನ ಸೀಟು ನೋಡಿದೆ, ಅಲ್ಲೂ ಯಾರಿಗೂ ಏನೂ ಆಗಿರಲಿಲ್ಲ.

"ಯಾರಿಗೆ?" ಅಂದೆ.

ಡಾನಾ ಕನ್ನಡಿಯಲ್ಲಿ ಗದ್ದದಿಂದ ನನ್ನ ಕಡೆ ತೋರಿಸಿದಳು.

ಕೆನ್ನೆ ಮುಟ್ಟಿ ನೋಡಿಕೊಂಡೆ. ಒದ್ದೆ ಇತ್ತು. ಕತ್ತಿನ ತನಕ ಒದ್ದೆ ಇತ್ತು.